ಹೊಸ ಗಣಕದೊಳಗೆ ಹಳೆಯ ಗಣಕ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕೆಟ್ಟುಹೋದ ವಸ್ತುಗಳನ್ನು ಕುರಿತವು. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಗೃಹಸ್ಥರೊಬ್ಬರು ಬರೆದುದೂ ಅಂತಹದೇ. ಭತ್ತದ ವ್ಯಾಪಾರದ ಲೆಕ್ಕಕ್ಕೆಂದು 1997ರಲ್ಲಿ ಅವರ ಮನೆಗೆ ಬಂದ ಕಂಪ್ಯೂಟರೊಂದು ಈಗ ಅಟ್ಟದ ಮೇಲಿದೆ. ಅದನ್ನು ನಡೆಸುತ್ತಿದ್ದ ಕಾರ್ಯಾಚರಣ ವ್ಯವಸ್ಥೆ ವಿಂಡೋಸ್ 95. ಹಗಲೆಲ್ಲ ಅದರಲ್ಲಿ ಲೆಕ್ಕ. ರಾತ್ರಿ ಊಟವಾದ ತರುವಾಯ ಅಣ್ಣತಮ್ಮಂದಿರ ಆಟ. 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆಟವನ್ನು ಅಣ್ಣನವರು ಕೊನೆಯ ತನಕ ಆಡಿ ಗೆದ್ದಿದ್ದರಂತೆ. ಆ ಅಣ್ಣನವರು ಈಗ ಇಲ್ಲ. ಅವರ ಮಗಳು ಬೇಸಗೆಯ ರಜೆಗೆ ಬಂದಾಗ, ಅಪ್ಪ ಆಡುತ್ತಿದ್ದ ಆಟವನ್ನು ಅಪ್ಪ ಬಿಟ್ಟುಹೋದ ಹಾಗೆಯೇ ನೋಡಬೇಕೆಂದು ಹಟ ಹಿಡಿದಿದ್ದಾಳೆ. ಮನೆಯ ಹಿರಿಯರು ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟುಬಿಡಿರೆನ್ನುತ್ತಾರೆ. "ಹಳೆಯ ಕಂಪ್ಯೂಟರನ್ನು ಹೊಸದರೊಳಗೆ ನಡೆಸುವ ಉಪಾಯ ಉಂಟೆಂದು ಕೇಳಿದ್ದೇವೆ, ನಿಜವೇ? ನಿಜವಾದರೆ ನಾವು ಮಾಡತಕ್ಕದ್ದೇನು?" ಎಂಬುದು ಪತ್ರದ ಪ್ರಶ್ನೆ.

ನಿಜವೇ ಹೌದು. ಈ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಹಗಲುವೇಷದವರನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ವೇಷ ಕಟ್ಟಿದವನು ಬರಿಯ ಬಣ್ಣ ಬಳಿದುಕೊಂಡರೆ ಸಾಲದು; ಯಾರು ಯಾವ ಮಾತಿನಿಂದ ಕೆಣಕಿದರೂ ಆ ಪಾತ್ರಕ್ಕೆ ತಕ್ಕ ಉತ್ತರವನ್ನೇ ಕೊಡಬೇಕು. ಎಮ್ಯುಲೇಟರು ಹೊಸ ಗಣಕದಲ್ಲಿ ಕುಳಿತು ಹಳೆಯ ಗಣಕದ ವೇಷ ಕಟ್ಟುತ್ತದೆ. ಹಳೆಯ ಆಟವು "ನೀನು 486 ಪ್ರೊಸೆಸರೇ?" ಎಂದರೆ "ಹೌದು" ಎನ್ನುತ್ತದೆ, "ಸೌಂಡ್ ಬ್ಲಾಸ್ಟರ್ ಕಾರ್ಡು ಇದೆಯೇ?" ಎಂದರೆ "ಇಗೋ" ಎನ್ನುತ್ತದೆ. ಹಳೆಯ ಯಂತ್ರಕ್ಕೆ ಬರೆದ ಒಂದೊಂದು ಆಜ್ಞೆಯನ್ನೂ ತೆಗೆದುಕೊಂಡು, ಆ ಯಂತ್ರವು ಏನು ಮಾಡುತ್ತಿದ್ದಿತೋ ಅದನ್ನೇ ತಾನು ಮಾಡಿ ತೋರಿಸುತ್ತದೆ. ತಾನಿರುವುದು ಸೋಂಪಾದ ಹೊಸ ಮನೆಯಲ್ಲಿ ಎಂಬುದು ಆಟಕ್ಕೆ ತಿಳಿಯುವುದೇ ಇಲ್ಲ.

ಹೊಸ ಯಂತ್ರವು ಹಳೆಯದಕ್ಕಿಂತ ಎಷ್ಟೋ ಪಾಲು ಬಲವುಳ್ಳದ್ದಷ್ಟೆ. ಅದರ ಮೇಲೆ ನೇರವಾಗಿ ವಿಂಡೋಸ್ 95ನ್ನು ಹಾಕಿದರಾಗದೇ ಎಂದು ಕೆಲವರು ಕೇಳುವರು. ಬಲವೇ ಇಲ್ಲಿ ತೊಡಕು. ಆ ವ್ಯವಸ್ಥೆಯು ಏಳುವಾಗ ಒಂದು ಸಣ್ಣ ಎಣಿಕೆಯನ್ನು ಮಾಡಿ, ಅದಕ್ಕೆ ಹಿಡಿದ ಕಾಲವನ್ನು ಅಳೆದು, ಆ ಕಾಲದಿಂದ ಭಾಗಿಸುತ್ತದೆ. ಪ್ರೊಸೆಸರಿನ ವೇಗ 2.1 ಗಿಗಾಹರ್ಟ್ಸ್ ದಾಟಿದರೆ ಎಣಿಕೆಯು ಎಷ್ಟು ಬೇಗ ಮುಗಿಯುವುದೆಂದರೆ, ಹಿಡಿದ ಕಾಲ ಸೊನ್ನೆಯೆಂದೇ ಬರುತ್ತದೆ. ಸೊನ್ನೆಯಿಂದ ಭಾಗಿಸಹೋದರೆ ಏನಾಗುವುದೆಂದು ಶಾಲೆಯ ಮಕ್ಕಳೂ ಬಲ್ಲರು. ವ್ಯವಸ್ಥೆಯು ದೋಷದ ಸೂಚನೆ ತೋರಿ ಅಲ್ಲಿಯೇ ನಿಂತುಬಿಡುತ್ತದೆ. 1980ರ ದಶಕದ ಕೆಲವು ಆಟಗಳ ಪಾಡೂ ಇದೇ. ಅವು ಗಡಿಯಾರವನ್ನು ನೋಡದೆ ಯಂತ್ರದ ವೇಗವನ್ನೇ ತಾಳವಾಗಿ ಹಿಡಿದವು. ಹೊಸ ಯಂತ್ರದಲ್ಲಿ ಅವುಗಳ ನಾಯಕನು ಕಣ್ಣು ಮಿಟುಕಿಸುವುದರೊಳಗೆ ಓಡಿ ಸತ್ತುಹೋಗಿರುತ್ತಾನೆ. ಹಿಂದೆ ಕಂಪ್ಯೂಟರುಗಳ ಮುಂದೆ 'ಟರ್ಬೊ' ಎಂಬ ಗುಂಡಿಯಿದ್ದುದನ್ನು ಹಿರಿಯರು ನೆನೆಯಬಹುದು. ಹೆಸರು ವೇಗದ್ದಾದರೂ ಅದರ ಮುಖ್ಯ ಉಪಯೋಗ ಯಂತ್ರವನ್ನು ಬೇಕೆಂದಾಗ ನಿಧಾನಗೊಳಿಸುವುದೇ ಆಗಿದ್ದಿತು. ಆದಕಾರಣ ಒಳ್ಳೆಯ ಎಮ್ಯುಲೇಟರು ಹಳೆಯ ಯಂತ್ರದ ಗುಣಗಳನ್ನು ಮಾತ್ರವಲ್ಲದೆ ಅದರ ನಿಧಾನವನ್ನೂ ದೋಷಗಳನ್ನೂ ಅನುಕರಿಸಬೇಕು.

ಇದು ತೀರ ಹೊಸ ವಿಚಾರವೆಂದು ನಮಗೆ ತೋರುವುದಿಲ್ಲ. ಶ್ರೀರಾಮನಗರದವರಿಗೆ ಆನೆಗೊಂದಿ ದೂರವಲ್ಲ. ಅಲ್ಲಿ ತುಂಗಭದ್ರೆಯನ್ನು ದಾಟಿದರೆ ಹಂಪೆ. ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಯಾರೋ ಕೊರೆದ ಆಟದ ಮಣೆಗಳನ್ನು ಇಂದಿಗೂ ಕಾಣಬಹುದು. ಅವುಗಳಲ್ಲಿ ಆಡುಹುಲಿಯದನ್ನು ಕಂಡ ಕೂಡಲೇ ಹಳ್ಳಿಯ ಹುಡುಗರು ಹರಳು ಆರಿಸಿ ಆಡಲು ಕೂಡುವರು, ಏತಕ್ಕೆಂದರೆ ನಿಯಮವು ಅವರ ಮನೆಯಲ್ಲಿ ಬದುಕಿದೆ. ಆಡುವ ಕ್ರಮ ಮರೆತುಹೋದ ಮಣೆಯಾದರೋ ಬರಿಯ ಗೀರುಗಳು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದನ್ನು ಅರಿತವರಾಗಿರಬೇಕು. 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಎಂಬ ಭಾಗದಲ್ಲಿ ಮಣೆಯಾಟ, ಎಲೆಯಾಟಗಳ ಕ್ರಮವನ್ನು ಅವರು ಬರೆಯಿಸಿಟ್ಟರು. ಚೌಕಾಬಾರವನ್ನು ಕಲ್ಲಿನ ಮೇಲೆ ಆಡಿದರೂ ಅದೇ, ಪಡಸಾಲೆಯ ನೆಲದ ಮೇಲೆ ಇದ್ದಿಲಿನಿಂದ ಗೀಚಿ ಆಡಿದರೂ ಅದೇ. ಗಣಕದ ಆಟದಲ್ಲಿ ಒಂದು ಭೇದವಿದೆ: ಅದರ ನಿಯಮವು ಅಜ್ಜಿಯ ಬಾಯಲ್ಲಿ ಉಳಿಯತಕ್ಕದ್ದಲ್ಲ, ಒಂದು ಕಾಂತಲೇಪದ ತಟ್ಟೆಯ ಮೇಲಿದೆ. ತಟ್ಟೆ ಹೋದರೆ ನಿಯಮವೂ ಹೋಯಿತು.

ಪತ್ರ ಬರೆದವರು ಆಯ್ದ ಆಟವೇ ಇದಕ್ಕೆ ಸಾಕ್ಷಿ. ಅಮೇರಿಕೆಯ ಜೋರ್ಡನ್ ಮೆಕ್ನರ್ ಎಂಬವರು ಆಪಲ್ 2 ಗಣಕಕ್ಕಾಗಿ ಬರೆದು 1989ರಲ್ಲಿ ಹೊರತಂದ ಆಟವದು. ಮರುವರ್ಷ ಡಾಸ್ ಗಣಕಗಳಿಗೆ ಬಂದಿತು. ಅದರ ರಾಜಕುಮಾರನು ಓಡುವ, ಜಿಗಿಯುವ ಸಹಜವಾದ ಚಲನೆಯು ಮೆಕ್ನರರ ತಮ್ಮನದು. ತಮ್ಮನನ್ನು ಓಡಿಸಿ, ಚಿತ್ರ ತೆಗೆದು, ಅದರ ಒಂದೊಂದು ಭಂಗಿಯನ್ನೂ ನೋಡಿ ಬರೆದರು. ಸಂಗೀತವು ಅವರ ತಂದೆಯದು. ಹೀಗೆ ಒಂದು ಕುಟುಂಬದ ಕೃತಿಯೇ ಆದ ಆ ಆಟದ ಮೂಲ ಬರಹವು ಕಳೆದುಹೋಯಿತೆಂದೇ ಕರ್ತೃವು ತಿಳಿದಿದ್ದರು. 2012ರಲ್ಲಿ ತಂದೆಯ ಮನೆಯಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆಯೊಂದು ಸಿಕ್ಕಿತು. ಬಲ್ಲವರು ಬಂದು ಜೋಪಾನವಾಗಿ ಅವನ್ನು ಓದಿ ತೆಗೆದರು. ಕರ್ತೃವಿನ ಮನೆಯಲ್ಲಿಯೇ ಹೀಗಾದರೆ ಮಿಕ್ಕವರ ಮನೆಯ ಪೆಟ್ಟಿಗೆಗಳ ಗತಿಯೇನು!

ಈಗ ಶ್ರೀರಾಮನಗರದ ಮನೆಗೆ ಮುಖ್ಯವಾದ ಮಾತು. ಅವರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರುವುದು ಎರಡು ವಸ್ತುಗಳು. ಒಂದು, ಮೆಕ್ನರರು ಮಾಡಿದ ಆಟ. ಇದರ ಪ್ರತಿಗಳು ಲೋಕದಲ್ಲಿ ಬೇಕಾದಷ್ಟಿವೆ. ಇನ್ನೊಂದು, ಅಣ್ಣನವರು ಆಡಿದ ಆಟ. ಈ ಆಟವನ್ನು ಮುಗಿಸಲು ಇರುವ ಅವಧಿ ಒಂದೇ ಗಂಟೆ. ಅಷ್ಟರೊಳಗೆ ಗೆದ್ದವನ ಹೆಸರನ್ನೂ ಅವನಿಗೆ ಉಳಿದಿದ್ದ ಕಾಲವನ್ನೂ ಡಾಸ್ ಆವೃತ್ತಿಯು ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಆಟದ ಫೋಲ್ಡರಿನಲ್ಲಿ 'ಪ್ರಿನ್ಸ್' ಎಂದು ಮೊದಲಾಗಿ, ಬಿಂದುವಿನ ಮುಂದೆ 'ಎಚ್ ಓ ಎಫ್' ಎಂಬ ಮೂರು ಇಂಗ್ಲಿಷ್ ಅಕ್ಷರಗಳುಳ್ಳ ಕಡತವಿದ್ದರೆ ಅದೇ ಇದು. ಅಣ್ಣನವರು ಗೆದ್ದ ದಿನ ಹೆಸರು ಬರೆದಿದ್ದರೆ ಅದು ಆ ಕಡತದಲ್ಲಿದೆ, ಬೇರೆಲ್ಲಿಯೂ ಇಲ್ಲ. ಹೊರಗಿನಿಂದ ಆಟದ ಹೊಸ ಪ್ರತಿಯನ್ನು ತಂದು ಆಡಿಸಿದರೆ ಮಗುವಿಗೆ ಆಟ ಸಿಕ್ಕೀತು, ಅಪ್ಪನ ಹೆಸರು ಸಿಕ್ಕದು. ಆದಕಾರಣ ಎಮ್ಯುಲೇಟರಿನ ಮಾತು ಆಮೇಲಾಗಲಿ. ಮೊದಲು ತಟ್ಟೆಯ ರಕ್ಷಣೆ.

ಪೆಟ್ಟಿಗೆಯನ್ನು ಚಾಲೂ ಮಾಡಿ ನೋಡುವ ಆತುರ ಬೇಡ. ಇಷ್ಟು ವರ್ಷ ಸುಮ್ಮನಿದ್ದ ವಿದ್ಯುತ್ ಪೂರೈಕೆಯ ಭಾಗವು ಕೆಟ್ಟಿದ್ದರೆ ತನ್ನೊಡನೆ ಹಾರ್ಡ್ ಡಿಸ್ಕನ್ನೂ ಕೆಡಿಸೀತು. ಬಲ್ಲವರಿಂದ ಡಿಸ್ಕನ್ನು ಹೊರಗೆ ತೆಗೆಯಿಸಿರಿ. ಆ ಕಾಲದ ಡಿಸ್ಕುಗಳು 40 ಸೂಜಿಯ ಐಡಿಇ ಬಗೆಯವು. ಅದನ್ನು ಯುಎಸ್‌ಬಿಗೆ ಹೊಂದಿಸುವ ಅಡಾಪ್ಟರು ಸಿಗುತ್ತದೆ. ಯುಎಸ್‌ಬಿಯ ವಿದ್ಯುತ್ತು ಅಂತಹ ಡಿಸ್ಕಿಗೆ ಸಾಲದಾದುದರಿಂದ, ಪ್ರತ್ಯೇಕ ವಿದ್ಯುತ್ ಪೂರೈಕೆಯಿರುವ ಅಡಾಪ್ಟರನ್ನೇ ಕೊಳ್ಳತಕ್ಕದ್ದು. ಜೋಡಿಸಿದಾಗ ಹೊಸ ಯಂತ್ರವು "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?" ಎಂದು ವಿನಯದಿಂದ ಕೇಳುವುದುಂಟು. ಹೂಂ ಎಂದಿರೋ, ಮನೆಯ ಚರಿತ್ರೆಯೆಲ್ಲ ಒರಸಿಹೋಗುವ ಹಾದಿಗೆ ಬಿತ್ತು. ಬೇಡವೆನ್ನಿರಿ. ಅನಂತರ ಕಡತಗಳನ್ನು ಒಂದೊಂದಾಗಿ ಆರಿಸದೆ, ಡಿಸ್ಕಿನ ಪೂರ್ತಿ ಪ್ರತಿಬಿಂಬವನ್ನು, ಅಂದರೆ ಮೊದಲಿನಿಂದ ಕೊನೆಯ ತನಕ ಇದ್ದುದನ್ನು ಇದ್ದ ಹಾಗೆ, ಒಂದೇ ಕಡತವಾಗಿ ತೆಗೆಯಬೇಕು. ಡಿಸ್ಕು ಅಲ್ಲಲ್ಲಿ ಸವೆದಿದ್ದರೆ ಲಿನಕ್ಸಿನ 'ಡಿಡಿರೆಸ್ಕ್ಯೂ' ಎಂಬ ತಂತ್ರಾಂಶವು ಓದಲು ಬರುವುದನ್ನು ಮೊದಲು ಓದಿಕೊಂಡು, ಹಟಮಾರಿ ಭಾಗಗಳಿಗೆ ಆಮೇಲೆ ಕೈಹಾಕುತ್ತದೆ. 1997ರ ಡಿಸ್ಕೆಂದರೆ ಒಂದೆರಡು ಗಿಗಾಬೈಟು. ಇಂದು 64 ಗಿಗಾಬೈಟಿನ ಪೆನ್‌ಡ್ರೈವು ಅಂತಹ ಹತ್ತಾರು ಡಿಸ್ಕುಗಳನ್ನು ನುಂಗುತ್ತದೆ. ಎರಡು ಪ್ರತಿ ಮಾಡಿ ಎರಡು ಕಡೆ ಇಡಿರಿ. ಪ್ರಯೋಗಗಳೆಲ್ಲ ಮೂರನೆಯದರ ಮೇಲೆ ನಡೆಯಲಿ.

ಎಮ್ಯುಲೇಟರುಗಳಲ್ಲಿ ಯಾವುದು? ಬರಿಯ ಆಟವಷ್ಟೇ ಸಾಕೆಂದರೆ ವಿಂಡೋಸ್ 95ರ ಗೊಡವೆಯೇ ಬೇಡ. 2002ರಲ್ಲಿ ಮೊದಲು ಹೊರಬಂದ 'ಡಾಸ್‌ಬಾಕ್ಸ್' ಉಚಿತವಾದದ್ದು, ಡಾಸಿನ ಕೆಲಸವನ್ನು ತಾನೇ ಮಾಡತಕ್ಕದ್ದು. ಆಟದ ಫೋಲ್ಡರನ್ನು ಪ್ರತಿಬಿಂಬದಿಂದ ಹೊರತೆಗೆದು, 'ಮೌಂಟ್' ಎಂಬ ಆಜ್ಞೆಯಿಂದ ಅದನ್ನು ಸಿ ಡ್ರೈವೆಂದು ತೋರಿಸಿದರೆ ಆಟ ಏಳುತ್ತದೆ. ಹೆಸರಿನ ಕಡತವೂ ಅದರೊಡನೆಯೇ ಬರುತ್ತದೆ. ಓಟ ಹೆಚ್ಚೆನಿಸಿದರೆ ಕಂಟ್ರೋಲಿನೊಡನೆ ಎಫ್ 11, ನಿಧಾನವೆನಿಸಿದರೆ ಎಫ್ 12. ಇನ್ನೊಂದು ಸೂಕ್ಷ್ಮ: ಅಂದಿನ ಚಿತ್ರ ಅಡ್ಡ 320, ಉದ್ದ 200 ಚುಕ್ಕೆಗಳದು, ಆದರೆ ಅಂದಿನ ಪರದೆಯು ಅದನ್ನು ಮೇಲಕ್ಕೆ ಹಿಗ್ಗಿಸಿ ತೋರಿಸುತ್ತಿದ್ದಿತು. ಡಾಸ್‌ಬಾಕ್ಸಿನ ಸಂಯೋಜನೆಯಲ್ಲಿ 'ಆಸ್ಪೆಕ್ಟ್' ಎಂಬುದನ್ನು 'ಟ್ರೂ' ಎಂದು ಮಾಡದಿದ್ದರೆ ರಾಜಕುಮಾರನು ಕುಳ್ಳನಾಗಿ ಕಾಣುವನು, ಅಪ್ಪ ಕಂಡವನು ಇವನಲ್ಲ.

ಆದರೆ ಮಗಳು ಕೇಳಿದ್ದು 'ಬಿಟ್ಟುಹೋದ ಹಾಗೆಯೇ' ಎಂದಲ್ಲವೇ? ಹಾಗಿದ್ದರೆ ಡಿಸ್ಕಿನ ಪ್ರತಿಬಿಂಬವನ್ನು ಇಡಿಯಾಗಿ '86ಬಾಕ್ಸ್' ಎಂಬ ಎಮ್ಯುಲೇಟರಿಗೆ ಕೊಡಬೇಕು. ಇದು ಪ್ರೊಸೆಸರು, ಮದರ್‌ಬೋರ್ಡು, ಧ್ವನಿಯ ಕಾರ್ಡು, ಚಿತ್ರದ ಕಾರ್ಡು ಎಲ್ಲವನ್ನೂ ನಾವೇ ಆರಿಸಿ ಹಳೆಯ ಗಣಕವನ್ನು ಕಟ್ಟಗೊಡುತ್ತದೆ. ಹಳೆಯ ಪೆಟ್ಟಿಗೆಯೊಳಗಿನ ಕಾರ್ಡುಗಳ ಹೆಸರನ್ನು ಬರೆದುಕೊಂಡು ಅವಕ್ಕೆ ಆದಷ್ಟೂ ಹತ್ತಿರವಾದುದನ್ನು ಆರಿಸಿದರೆ, ವಿಂಡೋಸ್ 95 ಅಪರಿಚಿತ ಮನೆಗೆ ಬಂದ ಅತಿಥಿಯಂತೆ ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳುವುದು ತಪ್ಪುತ್ತದೆ. ಅದು ತನ್ನ ಮೂಲ ಸಿ.ಡಿ.ಯನ್ನು ಕೇಳಬಹುದು, ಅದನ್ನೂ ಅದರ ಹೊದಿಕೆಯ ಮೇಲಿನ ಸಂಖ್ಯೆಯನ್ನೂ ಹುಡುಕಿಡಿರಿ. ವರ್ಚುವಲ್‌ಬಾಕ್ಸಿನಂತಹವನ್ನು ಕೆಲವರು ಸೂಚಿಸುತ್ತಾರೆ. ಅವು ವೇಷಗಾರರಲ್ಲ, ಬಿಡಾರ ಕೊಡುವವರು. ನಿಮ್ಮ ಹೊಸ ಪ್ರೊಸೆಸರನ್ನೇ ಅತಿಥಿಗೆ ಎರವಲು ಕೊಡುತ್ತವೆ. ಮೇಲೆ ಹೇಳಿದ ಸೊನ್ನೆಯ ತೊಡಕು ಅಲ್ಲಿಗೂ ಬರುತ್ತದೆ. 86ಬಾಕ್ಸಿನ ಕೆಲಸ ನಾಲ್ಕು ಸಂಜೆಗಳನ್ನು ತಿಂದೀತು. ಎದ್ದು ನಿಂತಾಗ ಕಾಣುವುದು ಅಣ್ಣನವರು ಕಡೆಯ ಸಲ ಮುಚ್ಚಿಟ್ಟ ಅದೇ ಮೇಜು: ಅವರು ಇಟ್ಟ ಚಿತ್ರ, ಅವರು ಜೋಡಿಸಿದ ಸಾಲು, ಲೆಕ್ಕದ ಪಟ್ಟಿ ಸಹಿತ. ಅಷ್ಟು ಶ್ರಮಕ್ಕೆ ಅದು ತಕ್ಕುದೆಂದೇ ನಮ್ಮ ಎಣಿಕೆ. ಹಿರಿಯರಿಗೆ ಆಟವು ಕಾಲಹರಣವೆಂದು ತೋರಿದರೆ ಆ ಹಳೆಯ ಲೆಕ್ಕವನ್ನು ಅವರ ಮುಂದಿಡಿರಿ. ಬಹುಶಃ ಅವರೇ ಹತ್ತಿರ ಕುರ್ಚಿಯನ್ನೆಳೆದುಕೊಳ್ಳುವರು.

ಒಂದು ಎಚ್ಚರಿಕೆ. ಮೊದಲ ಹಂತ ಮುಗಿದೊಡನೆ, ಅಕ್ಷರಗಳನ್ನು ಬರೆದ ಕುಪ್ಪಿಗಳ ಕೋಣೆಯೊಂದು ಬರುತ್ತದೆ. ಆಟದ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಶಬ್ದದ ಮೊದಲಕ್ಷರವಿರುವ ಕುಪ್ಪಿಯನ್ನೇ ಕುಡಿಯಬೇಕು. ಕಳ್ಳಪ್ರತಿಯವರನ್ನು ತಡೆಯಲೆಂದು ಮಾಡಿದ ಉಪಾಯವಿದು. ಆದುದರಿಂದ ಕೈಪಿಡಿಯನ್ನೂ ಅಟ್ಟದಲ್ಲಿ ಹುಡುಕಿರಿ.

ಕಾನೂನಿನ ವಿಷಯವನ್ನೂ ಕೇಳಿದ್ದಾರೆ. ಎಮ್ಯುಲೇಟರನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಗಣಕದ ತಂತ್ರಾಂಶವನ್ನು ನ್ಯಾಯವಾಗಿ ಹೊಂದಿದವನು ಅದನ್ನು ಉಪಯೋಗಿಸುವುದಕ್ಕಾಗಿ, ಮತ್ತು ನಾಶವಾದೀತೆಂಬ ಭಯದಿಂದ ರಕ್ಷಣೆಗಾಗಿ, ಪ್ರತಿ ಮಾಡಿಕೊಳ್ಳಲು ಅವಕಾಶವಿತ್ತಿದೆ. ಹಳೆಯದಾಯಿತು, ಮಾರಾಟದಲ್ಲಿಲ್ಲ, ಆದುದರಿಂದ ಯಾರು ಬೇಕಾದರೂ ಹಂಚಬಹುದೆಂಬ ಮಾತಿಗೆ ಮಾತ್ರ ಕಾನೂನಿನ ಆಧಾರವಿಲ್ಲ. 1989ರ ಆಟದ ಹಕ್ಕು ಇನ್ನೂ ತೀರಿಲ್ಲ, ವಿಂಡೋಸ್ 95ರದೂ ತೀರಿಲ್ಲ. 86ಬಾಕ್ಸಿಗೆ ಬೇಕಾಗುವ ಹಳೆಯ ಮದರ್‌ಬೋರ್ಡುಗಳ ರಾಮ್ ಕಡತಗಳಿಗೂ ಒಡೆಯರಿದ್ದಾರೆ. ಡಾಸಿನ ಮಟ್ಟಿಗೆ ದಾರಿ ಸುಗಮ: 1994ರಲ್ಲಿ ಜಿಮ್ ಹಾಲ್ ಅವರು ಆರಂಭಿಸಿದ ಫ್ರೀಡಾಸ್ ಎಲ್ಲರಿಗೂ ಮುಕ್ತವಾಗಿದೆ, ಮೈಕ್ರೊಸಾಫ್ಟಿನವರು ಕೂಡ 2024ರಲ್ಲಿ ತಮ್ಮ ಡಾಸ್ 4ರ ಮೂಲ ಬರಹವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು.

ಪತ್ರದ ಕೊನೆಗೆ, ಅದೇ ಡಿಸ್ಕಿನಲ್ಲಿ ಕನ್ನಡದ ಕಾಗದಗಳೂ ಇರಬೇಕೆಂದು ಬರೆದಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬೇರೆ ಬೇರೆ ಫಾಂಟುಗಳಲ್ಲಿ ಬರೆದ ಕನ್ನಡವು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದುಂಟು. ಅದನ್ನು ಕಂಡು ಕೆಟ್ಟುಹೋಯಿತೆಂದು ಯಾರೂ ಅಳಿಸಬಾರದು. ವಿಂಡೋಸಿನ 'ಫಾಂಟ್ಸ್' ಎಂಬ ಫೋಲ್ಡರನ್ನು ಕಾಗದಗಳ ಜೊತೆಯಲ್ಲಿಯೇ ಕಾಪಾಡಿರಿ. ಅವನ್ನು ಮರಳಿ ಓದುವ ಬಗೆಯನ್ನು ಮುಂದಿನ ತಿಂಗಳು ಬರೆಯುವೆವು.