ಶರೀಫಜ್ಜನ ಪದ ಅರ್ಧಕ್ಕೆ ಕತ್ತರಿಸಬೇಡಿ

ಕೋತಿಯನ್ನು ಕೋಳಿ ನುಂಗುವ ಪದ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಈಗ ಅದರ ಮೊದಲ ನಾಲ್ಕು ಸಾಲು ರೀಲ್ಸ್‌ನಲ್ಲಿ ಓಡುತ್ತದೆ. ಕೆಳಗೆ ನಗುವ ಇಮೋಜಿ, 'ಜಾನಪದ' ಎಂಬ ಹಣೆಪಟ್ಟಿ. ಬರೆದ ಶಿಶುನಾಳ ಶರೀಫರ ಹೆಸರೇ ಇಲ್ಲ.

ಕನಸಿನಂತೆ ತಾಳಮೇಳವಿಲ್ಲದ ದೃಶ್ಯ ಜೋಡಿಸುವುದಕ್ಕೆ ಸಿನಿಮಾದವರು ಸರ್ರಿಯಲಿಸಂ ಅನ್ನುತ್ತಾರೆ. 1929ರಲ್ಲಿ ಬುನ್ಯುಯೆಲ್ ಮತ್ತು ಡಾಲಿ ಸೇರಿ ಮಾಡಿದ ಚಿಕ್ಕ ಸಿನಿಮಾದಲ್ಲಿ ಒಬ್ಬನ ಅಂಗೈಯಿಂದ ಇರುವೆಗಳು ಹೊರಬರುತ್ತವೆ. ಅರ್ಥ ಬಿಡಿಸಿ ಹೇಳಲು ಬರುವಂಥ ದೃಶ್ಯ ಒಂದೂ ಇರಬಾರದು ಎಂಬುದು ಅವರಿಬ್ಬರ ಕರಾರು. ಆ ರೂಢಿ ಮುಂದೆ ಹಾಡಿನ ವಿಡಿಯೊಗಳಿಗೂ ಬಂತು. ಹಾಡು ಒಂದು ಹೇಳಿದರೆ ಪರದೆಯ ಮೇಲೆ ಇನ್ನೊಂದು. ಚೆಂದವೇ ಇರುತ್ತದೆ, ನನ್ನ ತಕರಾರಿಲ್ಲ.

ಆದರೆ ಶರೀಫರು (1819–1889) ಅದಕ್ಕಿಂತ ಎಷ್ಟೋ ಮೊದಲೇ ಆಡು ಆನೆಯನ್ನು ನುಂಗುವ, ಗೋಡೆ ಸುಣ್ಣವನ್ನು ನುಂಗುವ ಪದ ಕಟ್ಟಿದರು. ಮತ್ತು ಅವರ ಕರಾರು ಉಲ್ಟಾ. ಅವರ ಪದಕ್ಕೆ ಅರ್ಥವಿದೆ, ಬೀಗ ಹಾಕಿದ್ದಾರೆ ಅಷ್ಟೇ. ಕೀಲಿ ಇರುವುದು ಕೊನೆಯ ನುಡಿಯಲ್ಲಿ. ಇಷ್ಟೆಲ್ಲ ನುಂಗಾಟ ಮುಗಿದ ಮೇಲೆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಚಿಕ್ಕದು ದೊಡ್ಡದನ್ನು ನುಂಗುತ್ತ ಬಂದದ್ದು ಯಾಕೆಂದು ಆಗ ಹೊಳೆಯುತ್ತದೆ: 'ನಾನು' ಎಂಬ ಆನೆಯೂ ಉಳಿಯುವುದಿಲ್ಲ. ಆ ಗುರು ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಕೊನೆಯ ನುಡಿ ಕತ್ತರಿಸಿದರೆ ಈ ಇಬ್ಬರೂ ಹೋಗುತ್ತಾರೆ, ಉಳಿಯುವುದು ಕೋಳಿ ಮಾತ್ರ. ಈ ದಿನಮಾನದಲ್ಲಿ ಅದು ಸಣ್ಣ ನಷ್ಟವಲ್ಲ.

ಗಿಟಾರ್ ಹಾಕಿದ್ದೇ ತಪ್ಪು ಅನ್ನುವ ಹಿರಿಯರ ಜೊತೆ ನಾನಿಲ್ಲ. ಸಿ. ಅಶ್ವತ್ಥ್ ಹಾರ್ಮೋನಿಯಂ ಹಿಡಿದು ಈ ಪದಗಳನ್ನು ಕ್ಯಾಸೆಟ್ಟಿಗೆ ತಂದರು. 1990ರಲ್ಲಿ ನಾಗಾಭರಣರ ಸಿನಿಮಾ ಬಂತು. ಆಮೇಲೆ ರಘು ದೀಕ್ಷಿತ್ ಬ್ಯಾಂಡ್ ಕಟ್ಟಿಕೊಂಡು ವಿದೇಶದ ವೇದಿಕೆಗಳಲ್ಲೂ ಹಾಡಿದರು. ಪದ ಬದುಕಿತು. ಬೀಟ್ ಬದಲಾಗಲಿ, ವಿಡಿಯೊದಲ್ಲಿ ಬೇಕಾದರೆ ಕೋಳಿಗೆ ಕೊಂಬೂ ಬರಲಿ, ನುಡಿ ಮಾತ್ರ ಪೂರ್ತಿ ಇರಲಿ.

ಕುಂದಗೋಳ, ಶಿಗ್ಗಾವಿ ಕಡೆಯ ಓದುಗರೇ, ನಿಮ್ಮೂರ ಭಜನಾ ಮೇಳದಲ್ಲಿ ತಂಬೂರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಈ ಪದ ಹಾಡುವ ಹಿರಿಯರಿದ್ದಾರೆ. ಮುಂದಿನ ಭಜನೆಗೆ ಹೋದಾಗ ಅವರನ್ನು ಕೇಳಿ, ಮೊದಲಿನಿಂದ ಅಂಕಿತದವರೆಗೆ ರೆಕಾರ್ಡ್ ಮಾಡಿ. ಪದದ ಅರ್ಥವನ್ನೂ ಅವರ ಬಾಯಿಂದಲೇ ಹೇಳಿಸಿ. ಹಾಕುವಾಗ ಶರೀಫರ ಹೆಸರು, ಹಾಡಿದವರ ಹೆಸರು ಎರಡೂ ಬರೆಯಿರಿ.