ತೂಕದ ಲೆಕ್ಕ ತಪ್ಪಿದ ಹಡಗುಗಳು

2025ರ ಮೇ 24ರಂದು ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ ಲೈಬೀರಿಯಾ ಧ್ವಜದ ಸರಕು ಹಡಗು, ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲು ದೂರದಲ್ಲಿ ಒಂದು ಮಗ್ಗುಲಿಗೆ 26 ಡಿಗ್ರಿಯಷ್ಟು ವಾಲಿತು. ಮರುದಿನ ಬೆಳಿಗ್ಗೆ ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಪಾರಾದದ್ದು ಸಮಾಧಾನದ ಸಂಗತಿ. 640 ಕಂಟೇನರ್‌ಗಳ ಕಥೆ, ಕೇರಳದ ಕಡಲತೀರಕ್ಕೆ ಬಂದು ಬಿದ್ದ ಪ್ಲಾಸ್ಟಿಕ್ ಹರಳುಗಳ ರಾಶಿ, ಮೀನುಗಾರರ ಸಂಕಷ್ಟ, ಕೇರಳ ಸರ್ಕಾರ ಹೈಕೋರ್ಟಿನಲ್ಲಿ ಕೇಳಿದ 9,531 ಕೋಟಿ ರೂಪಾಯಿ ಪರಿಹಾರ – ಇವೆಲ್ಲವೂ ಪತ್ರಿಕೆಗಳಲ್ಲಿ ವಿವರವಾಗಿ ಬಂದವು. ಆದರೆ ಯಾವ ಹಡಗೂ ಬಂದು ಡಿಕ್ಕಿ ಹೊಡೆಯದೆ, ಯಾವ ಬಂಡೆಯೂ ತಾಗದೆ ಅದು ವಾಲಿದ್ದೇಕೆ ಎಂಬ ಪ್ರಶ್ನೆಗೆ ದೊರೆತ ಜಾಗ ಒಂದೆರಡು ಸಾಲು ಮಾತ್ರ. ಬ್ಯಾಲಾಸ್ಟ್ ನೀರಿನ ವ್ಯವಸ್ಥೆಯಲ್ಲಿ ದೋಷವಿತ್ತು ಎಂಬುದು ನೌಕಾಯಾನ ಮಹಾನಿರ್ದೇಶನಾಲಯದ ಆರಂಭಿಕ ಹೇಳಿಕೆಯಾಗಿತ್ತು. ಬ್ಯಾಲಾಸ್ಟ್ ಎಂದರೇನು, ಅದು ತಪ್ಪಿದರೆ ಹಡಗೇಕೆ ಮುಳುಗಬೇಕು ಎಂದು ಕೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ.

ಹುಲ್ಲು ತುಂಬಿದ ಗಾಡಿಯನ್ನು ನೋಡಿದವರಿಗೆ ಈ ಶಾಸ್ತ್ರದ ಅರ್ಧಭಾಗ ಆಗಲೇ ಗೊತ್ತು. ಭಾರ ಮೇಲೇರಿದಷ್ಟೂ ಗಾಡಿ ಮಗುಚುವ ಭಯ ಹೆಚ್ಚು. ಹಡಗಿನಲ್ಲಿ ಇದರ ಜೊತೆಗೆ ಇನ್ನೊಂದು ಶಕ್ತಿ ಕೆಲಸ ಮಾಡುತ್ತದೆ. ಹಡಗು ಒಂದು ಮಗ್ಗುಲಿಗೆ ವಾಲಿದಾಗ ಆ ಕಡೆಯ ಒಡಲು ಹೆಚ್ಚು ನೀರಿನಲ್ಲಿ ಇಳಿಯುತ್ತದೆ. ನೀರು ಅದನ್ನು ಮೇಲಕ್ಕೆ ಒತ್ತುವ ಬಿಂದುವೂ ಆ ಕಡೆಗೆ ಸರಿಯುತ್ತದೆ. ಹಡಗಿನ ಗುರುತ್ವಕೇಂದ್ರ ಸಾಕಷ್ಟು ಕೆಳಗಿದ್ದರೆ, ಕೆಳಗೆಳೆಯುವ ಭಾರ ಮತ್ತು ಮೇಲೊತ್ತುವ ನೀರು ಎರಡೂ ಸೇರಿ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತವೆ. ಗುರುತ್ವಕೇಂದ್ರ ಮೇಲಕ್ಕೇರುತ್ತ ಹೋದಂತೆ ಈ ನೆಟ್ಟಗಾಗಿಸುವ ಬಲ ಕುಗ್ಗುತ್ತದೆ. ಒಂದು ಎಲ್ಲೆ ದಾಟಿದರೆ ಅದೇ ಜೋಡಿ ಹಡಗನ್ನು ಮಗುಚುವ ಬಲವಾಗುತ್ತದೆ. ಆ ಎಲ್ಲೆಯನ್ನು ಸೂಚಿಸುವ ‘ಮೆಟಾಸೆಂಟರ್’ ಎಂಬ ಬಿಂದುವಿನ ಲೆಕ್ಕವನ್ನು ಫ್ರಾನ್ಸಿನ ಪಿಯರೆ ಬೂಗೇ 1746ರಲ್ಲೇ ಗ್ರಂಥವಾಗಿ ಕೊಟ್ಟಿದ್ದಾನೆ. ಸರಕು ಕಡಿಮೆಯಿದ್ದಾಗ ಅಥವಾ ಮೇಲ್ಭಾರ ಹೆಚ್ಚಿದ್ದಾಗ ತಳದ ತೊಟ್ಟಿಗಳಿಗೆ ಸಮುದ್ರದ ನೀರನ್ನೇ ತುಂಬಿ ಭಾರವನ್ನು ಕೆಳಗಿಳಿಸುವುದುಂಟು. ಅದೇ ಬ್ಯಾಲಾಸ್ಟ್.

ನೀರು ತುಂಬಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತುಂಬಿದ ತಂಬಿಗೆಯನ್ನು ಹಿಡಿದು ನಡೆಯುವುದು ಸುಲಭ. ಅಗಲವಾದ ಪರಾತದಲ್ಲಿ ಅರ್ಧ ನೀರು ಹಿಡಿದು ನಡೆದು ನೋಡಿ. ಕೈ ಸ್ವಲ್ಪ ಓರೆಯಾದರೂ ನೀರೆಲ್ಲ ಅದೇ ಕಡೆಗೆ ಓಡಿ ಓರೆಯನ್ನು ಹೆಚ್ಚಿಸುತ್ತದೆ. ಅರ್ಧ ತುಂಬಿದ ತೊಟ್ಟಿ ಹಡಗಿಗೆ ಮಾಡುವುದೂ ಇದನ್ನೇ. ತೊಟ್ಟಿಯ ನಡುವೆ ಉದ್ದಕ್ಕೂ ಒಂದೇ ಒಂದು ಅಡ್ಡಗೋಡೆ ಕಟ್ಟಿದರೆ ಈ ದುಷ್ಪರಿಣಾಮ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. 2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ 13 ಸಾವಿರ ಟನ್ನಿಗೂ ಹೆಚ್ಚು ಕಬ್ಬಿಣದ ಅದಿರಿನ ಪುಡಿ ಹೇರಿಕೊಂಡು ಚೀನಾಕ್ಕೆ ಹೊರಟ ‘ಏಷಿಯನ್ ಫಾರೆಸ್ಟ್’ ಹಡಗು ನಮ್ಮ ಕರಾವಳಿಯನ್ನು ಬಿಟ್ಟು ದೂರ ಹೋಗುವ ಮುನ್ನವೇ ವಾಲಿ ಮುಳುಗಿತು. ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಅದೇ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಬಳಿ ಅದಿರು ಹೊತ್ತ ‘ಬ್ಲ್ಯಾಕ್ ರೋಸ್’ ಮುಳುಗಿತು. ಎರಡೂ ಮಳೆಗಾಲದ ಘಟನೆಗಳು. ಅದಿರಿನ ಪುಡಿ ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ. ಆದರೆ ಬಯಲಿನಲ್ಲಿ ಮಳೆಗೆ ನೆನೆದ ರಾಶಿಯ ಕಣಗಳ ನಡುವೆ ನೀರು ಅಡಗಿರುತ್ತದೆ. ಎಂಜಿನ್ನಿನ ಕಂಪನಕ್ಕೂ ಅಲೆಗಳ ತೂಗಾಟಕ್ಕೂ ಕಣಗಳು ಒತ್ತೊತ್ತಾಗಿ ಕೂರುತ್ತ ಹೋದಂತೆ ನೀರಿಗೆ ಜಾಗವಿಲ್ಲದಾಗುತ್ತದೆ. ಗಟ್ಟಿಯಾಗಿದ್ದ ರಾಶಿ ಇದ್ದಕ್ಕಿದ್ದಂತೆ ಅಂಬಲಿಯಂತೆ ಹರಿದು ಒಂದು ಮಗ್ಗುಲಿಗೆ ಸೇರುತ್ತದೆ. ಅಲೆ ಮರಳಿ ತಳ್ಳಿದರೂ ರಾಶಿ ಪೂರ್ತಿ ಹಿಂತಿರುಗುವುದಿಲ್ಲ. ಬಳ್ಳಾರಿಯ ಅದಿರು ಚೀನಾದ ಬೆಲೆಯ ಬೆನ್ನುಹತ್ತಿ ಕರಾವಳಿಗೆ ಓಡುತ್ತಿದ್ದ ಕಾಲವದು. ಗಣಿಯ ಅಕ್ರಮಗಳ ಬಗ್ಗೆ ನಾವು ಸಾಕಷ್ಟು ಬರೆದೆವು, ಓದಿದೆವು. ಅದೇ ಅದಿರಿನ ತೇವಾಂಶವೂ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯೆಂದು ನಮಗೆ ತೋಚಲಿಲ್ಲ.

2011ರ ಜನವರಿಯಿಂದ ಇಂಥ ಸರಕಿನ ತೇವಾಂಶವನ್ನು ಅಳೆದು ಲಿಖಿತವಾಗಿ ಘೋಷಿಸುವುದು ಅಂತರರಾಷ್ಟ್ರೀಯ ನಿಯಮದಂತೆ ಕಡ್ಡಾಯವಾಗಿದೆ. ಘೋಷಿಸಬೇಕಾದವನು ಸರಕಿನ ಒಡೆಯ. ಅಳೆದದ್ದು ಹೇರುವುದಕ್ಕೆ ಮುಂಚಿನ ಏಳು ದಿನಗಳೊಳಗೆ ಆಗಿರಬೇಕು. ನಡುವೆ ಮಳೆ ಬಂದರೆ ಮತ್ತೆ ಅಳೆಯಬೇಕು. ಹಡಗಿನ ಅಧಿಕಾರಿಯ ಕೈಯಲ್ಲಿರುವುದು ಒಂದು ಡಬ್ಬಿಯ ಪರೀಕ್ಷೆ ಮಾತ್ರ: ಸಣ್ಣ ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ ಗಟ್ಟಿ ನೆಲದ ಮೇಲೆ 25 ಸಲ ಕುಟ್ಟಿ, ಮೇಲೆ ತೇವ ಒಸರುತ್ತದೆಯೇ ಎಂದು ನೋಡುವುದು. ಒಸರಿದರೆ ಅಪಾಯ ನಿಶ್ಚಿತ. ಒಸರದಿದ್ದರೆ ಅಪಾಯವಿಲ್ಲವೆಂದು ಹೇಳುವಂತಿಲ್ಲ. ಬಂದರಿನಲ್ಲಿ ನಿಂತ ಪ್ರತಿದಿನಕ್ಕೂ ಹಣ ತೆರಬೇಕಾದ ಹಡಗಿನ ಕಪ್ತಾನ, ಡಬ್ಬಿಯನ್ನು ಹಿಡಿದುಕೊಂಡು ಪ್ರಬಲ ರಫ್ತುದಾರನಿಗೆ ‘ಹೇರುವುದಿಲ್ಲ’ ಎನ್ನುವುದು ಎಷ್ಟು ಕಷ್ಟವೆಂದು ಓದುಗರು ಊಹಿಸಬಹುದು.

ಹಡಗಿನ ಮೈಮೇಲಿರುವ ಭಾರಮಿತಿಯ ಗೆರೆ ಸಾಲದೇ ಎಂಬ ಪ್ರಶ್ನೆ ಸಹಜ. ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಸಂಸದ ನಾವಿಕರ ಪರವಾಗಿ ಹೋರಾಡಿ 1876ರಲ್ಲಿ ಕಾನೂನಾಗಿಸಿದ ಗೆರೆಯದು. ಅದು ನೀರಿನಲ್ಲಿ ಮುಳುಗಿದರೆ ಹಡಗಿಗೆ ಮಿತಿಮೀರಿ ಹೇರಲಾಗಿದೆ ಎಂದರ್ಥ. ಒಟ್ಟು ಭಾರವೆಷ್ಟು ಎಂಬುದನ್ನು ಅದು ಹೇಳೀತು. ಭಾರ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಹೇಳಲಾರದು. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ‘ಸೆವೊಲ್’ ದೋಣಿಯ ದುರಂತದಲ್ಲಿ ಈ ಕೊರತೆ ಭೀಕರವಾಗಿ ಬಯಲಾಯಿತು. 987 ಟನ್ ಸರಕಿನ ಮಿತಿಯಿದ್ದ ಆ ದೋಣಿಯಲ್ಲಿ 2,142 ಟನ್ ಹೇರಲಾಗಿತ್ತು. ಮೇಲಂತಸ್ತಿನಲ್ಲಿ ಹೊಸ ಕೋಣೆಗಳನ್ನು ಕಟ್ಟಿ ಅದನ್ನು ಮೊದಲೇ ಮೇಲ್ಭಾರದ್ದಾಗಿ ಮಾಡಿದ್ದರು. ಆದರೂ ಗೆರೆ ಮುಳುಗದಂತೆ ಕಾಣಲು ತಳದ ಬ್ಯಾಲಾಸ್ಟ್ ನೀರನ್ನು ಹೊರಹಾಕಲಾಗಿತ್ತು. ಅಂದರೆ ಗೆರೆಯನ್ನು ಕಾಪಾಡಲು ಹೋಗಿ ಹಡಗಿನ ನೆಲೆಯನ್ನೇ ಕಿತ್ತಂತಾಯಿತು. 304 ಜನ ಸತ್ತರು. ಹೆಚ್ಚಿನವರು ಪ್ರವಾಸ ಹೊರಟಿದ್ದ ಶಾಲಾ ಮಕ್ಕಳು.

ಉದ್ದದ ಲೆಕ್ಕವೂ ಅಗಲದ ಲೆಕ್ಕದಷ್ಟೇ ಮುಖ್ಯ. ಹಡಗಿನ ಮೂತಿ ಮತ್ತು ಹಿಂಭಾಗ ಎಷ್ಟೆಷ್ಟು ನೀರಿನಲ್ಲಿ ಇಳಿದಿವೆ ಎಂಬ ವ್ಯತ್ಯಾಸವನ್ನು ‘ಟ್ರಿಮ್’ ಎನ್ನುತ್ತಾರೆ. ಹಿಂಭಾಗ ತೀರಾ ಮೇಲೆದ್ದರೆ ಚಕ್ರಾಣಿ ನೀರಿನಿಂದ ಹೊರಬಂದು ಬಲ ಕಳೆದುಕೊಳ್ಳುತ್ತದೆ. ಇನ್ನೂ ಗಂಭೀರವಾದದ್ದು ಒಡಲಿನ ಮೇಲಿನ ಒತ್ತಡ. ಹಡಗು ಉದ್ದವಾದ ಟೊಳ್ಳು ತೊಲೆಯಿದ್ದಂತೆ. ನಡುವಿನ ಕೆಳಗೆ ಅಲೆಯೊಂದು ಎದ್ದು ಎರಡು ತುದಿಗಳು ಆಧಾರ ಕಡಿಮೆಯಾಗಿ ನಿಂತರೆ ಬೆನ್ನು ಗೂನಾಗಿ ಬಾಗುತ್ತದೆ. ಅಲೆ ತುದಿಗಳಡಿಗೆ ಬಂದರೆ ನಡು ಜೋಲುತ್ತದೆ. ಒಂದು ಪ್ರಯಾಣದಲ್ಲಿ ಹೀಗೆ ಸಾವಿರಾರು ಸಲ ಬಾಗುತ್ತದೆ. ಸರಕನ್ನು ಉದ್ದಕ್ಕೂ ಸಮನಾಗಿ ಹಂಚದಿದ್ದರೆ ಬಾಗು ಮೊದಲೇ ಅರ್ಧ ಆಗಿರುತ್ತದೆ. 2013ರ ಜೂನ್ 17ರಂದು ಸಿಂಗಪುರದಿಂದ ಜೆಡ್ಡಾಕ್ಕೆ ಹೊರಟಿದ್ದ ‘ಎಂಒಎಲ್ ಕಂಫರ್ಟ್’ ಎಂಬ ಬೃಹತ್ ಕಂಟೇನರ್ ಹಡಗು ಯೆಮನ್ ತೀರದಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ನಡುವೆ ಮುರಿಯಿತು. ಆಗ ಅದಕ್ಕೆ ಕೇವಲ ಐದು ವರ್ಷ ವಯಸ್ಸು. ಎರಡು ತುಂಡುಗಳೂ ಕೆಲವು ದಿನ ತೇಲಾಡಿ ಒಂದಾದ ಮೇಲೊಂದು ಮುಳುಗಿದವು. ತಳದ ಹಾಳೆ ಮಡಿಸಿಕೊಂಡದ್ದೇ ಮುರಿತದ ಆರಂಭವೆಂದು ತನಿಖೆ ತಿಳಿಸಿತು. ಅದೇ ವಿನ್ಯಾಸದ ಇತರ ಹಡಗುಗಳ ತಳವನ್ನು ನಂತರ ಬಲಪಡಿಸಲಾಯಿತು.

ಈಗ ಕಂಪ್ಯೂಟರ್ ಇದೆಯಲ್ಲ, ಇಷ್ಟೆಲ್ಲ ಚಿಂತೆ ಏಕೆ ಎನ್ನುವವರಿದ್ದಾರೆ. ಇಂದು ದೊಡ್ಡ ಹಡಗುಗಳಲ್ಲಿ ಈ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ, ನಿಜ. ಅಮೆರಿಕದ ಜಾರ್ಜಿಯಾ ತೀರದಲ್ಲಿ 2019ರ ಸೆಪ್ಟೆಂಬರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹೊತ್ತ ‘ಗೋಲ್ಡನ್ ರೇ’ ಬಂದರಿನಿಂದ ಹೊರಟು ತಿರುವಿನಲ್ಲಿ ಮಗುಚಿಕೊಂಡಿತು. ಅಲ್ಲಿ ಬಿರುಗಾಳಿಯೂ ಇರಲಿಲ್ಲ, ರಕ್ಕಸ ಅಲೆಯೂ ಇರಲಿಲ್ಲ. ಬ್ಯಾಲಾಸ್ಟ್ ನೀರಿನ ಪ್ರಮಾಣವನ್ನು ಹಡಗಿನ ಮುಖ್ಯ ಅಧಿಕಾರಿ ಕಂಪ್ಯೂಟರಿಗೆ ತಪ್ಪಾಗಿ ಊಡಿಸಿದ್ದ ಎಂದು ತನಿಖಾ ಮಂಡಳಿ ಕಂಡುಕೊಂಡಿತು. ಯಂತ್ರ ಕೊಟ್ಟ ಸುಳ್ಳು ಭರವಸೆಯ ಮೇಲೆ ಹಡಗು ಹೊರಟಿತ್ತು.

ಕಂಟೇನರಿನ ವಿಷಯದಲ್ಲಿ ಈ ಅಂಕಿ ಹಡಗಿನಲ್ಲಿ ಹುಟ್ಟುವುದೂ ಇಲ್ಲ. ಎಲ್ಲೋ ಒಳನಾಡಿನ ಗೋದಾಮಿನಲ್ಲಿ ಬೀಗ ಹಾಕಿದ ಪೆಟ್ಟಿಗೆಯ ತೂಕವನ್ನು ಕಳುಹಿಸುವವನು ಬರೆದು ಕೊಡುತ್ತಾನೆ. 2007ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಒಡಲು ಒಡೆದ ‘ಎಂಎಸ್‌ಸಿ ನಾಪೋಲಿ’ಯ ಮೇಲಟ್ಟದಲ್ಲಿ ಒಣಗಿಯೇ ಉಳಿದಿದ್ದ 660 ಕಂಟೇನರ್‌ಗಳನ್ನು ಬ್ರಿಟನ್ನಿನ ತನಿಖೆಯ ವೇಳೆ ತೂಗಲಾಯಿತು. 137 ಪೆಟ್ಟಿಗೆಗಳ ತೂಕ ಬರೆದು ಕೊಟ್ಟದ್ದಕ್ಕಿಂತ ಮೂರು ಟನ್ನಿಗೂ ಹೆಚ್ಚು ವ್ಯತ್ಯಾಸ ತೋರಿತು. ಒಂದರಲ್ಲಂತೂ 20 ಟನ್. ಇಂಥ ಸುಳ್ಳುಗಳು ಬಯಲಾದ ಮೇಲೆ 2016ರ ಜುಲೈ 1ರಿಂದ ಪ್ರತಿ ಕಂಟೇನರಿನ ಪರಿಶೀಲಿತ ತೂಕವನ್ನು ಕೊಡದೆ ಹಡಗಿಗೇರಿಸಬಾರದೆಂಬ ನಿಯಮ ಜಗತ್ತಿನಾದ್ಯಂತ ಬಂತು. ಆದರೆ ಆ ನಿಯಮದಲ್ಲಿ ಎರಡು ದಾರಿಗಳಿವೆ. ತುಂಬಿದ ಪೆಟ್ಟಿಗೆಯನ್ನು ತೂಗಬಹುದು; ಇಲ್ಲವೇ ಒಳಗಿನ ವಸ್ತುಗಳ ತೂಕವನ್ನೂ ಖಾಲಿ ಪೆಟ್ಟಿಗೆಯ ತೂಕವನ್ನೂ ಕೂಡಿಸಿ ಬರೆಯಬಹುದು. ಎರಡನೆಯ ದಾರಿ ಮತ್ತೆ ಕಾಗದದ ಮೇಲಿನ ನಂಬಿಕೆಯೇ.

ಸರಕನ್ನು ಕಳುಹಿಸುವವನೇ ತೂಗಿ, ಅವನೇ ತೇವ ಅಳೆದು, ಅವನೇ ಪ್ರಮಾಣಪತ್ರ ಕೊಡುವ ಏರ್ಪಾಡನ್ನು ನಾವು ಬೇರೆ ಯಾವ ಪ್ರಾಣಾಪಾಯದ ಉದ್ಯಮದಲ್ಲಿ ಒಪ್ಪುತ್ತೇವೆ? ಬಂದರಿನ ದ್ವಾರದಲ್ಲಿಯೇ ಪ್ರತಿ ಕಂಟೇನರ್ ತೂಕದ ಸೇತುವೆಯನ್ನು ದಾಟಿ ಬರಬೇಕು. ಮಳೆಗಾಲದಲ್ಲಿ ಅದಿರಿನ ಮಾದರಿಯನ್ನು ರಫ್ತುದಾರನ ಸಂಬಳ ಪಡೆಯದವರು ತೆಗೆಯಬೇಕು. ವಿಳಂಬವಾಗುತ್ತದೆ, ಸರಕು ಕೊಲಂಬೊಗೆ ಹೋಗುತ್ತದೆ ಎಂಬ ಆಕ್ಷೇಪವಿದೆ. ತಳ್ಳಿಹಾಕುವಂಥದ್ದಲ್ಲ, ನಮ್ಮ ಬಂದರುಗಳು ಸ್ಪರ್ಧೆಯಲ್ಲಿರುವುದು ನಿಜ. ಲಾರಿಯನ್ನು ಹೇಗೂ ದ್ವಾರದಲ್ಲಿ ನಿಲ್ಲಿಸಿ ಕಾಗದಪತ್ರ ನೋಡುತ್ತಾರೆ. ಅದೇ ಹೊತ್ತಿನಲ್ಲಿ ತೂಗುವುದಕ್ಕೆ ಎಷ್ಟು ಸಮಯ ಹಿಡಿದೀತು?

ಇನ್ನೊಂದು ಬೇಡಿಕೆ ತನಿಖಾ ವರದಿಗಳದು. ನಾಪೋಲಿಯ ಕಂಟೇನರ್ ತೂಕವಾಗಲಿ, ಗೋಲ್ಡನ್ ರೇಯ ತಪ್ಪು ಅಂಕಿಯಾಗಲಿ ಇಂದು ಯಾರು ಬೇಕಾದರೂ ಓದಬಹುದಾದ ವರದಿಗಳಲ್ಲಿವೆ. ಸಂಸತ್ತು 2025ರ ಆಗಸ್ಟಿನಲ್ಲಿ ಹೊಸ ವಾಣಿಜ್ಯ ನೌಕಾಯಾನ ಮಸೂದೆಯನ್ನು ಅಂಗೀಕರಿಸಿದೆ. ಎಲ್ಸಾ 3ರ ಯಾವ ತೊಟ್ಟಿಯಲ್ಲಿ ಎಷ್ಟು ನೀರಿತ್ತು, ಯಾವ ಪೆಟ್ಟಿಗೆಯ ತೂಕವನ್ನು ಯಾರು ಬರೆದರು, ಹೊರಡುವ ಮುನ್ನ ಲೆಕ್ಕವನ್ನು ಯಾರು ನೋಡಿದರು ಎಂಬ ವಿವರಗಳು ನ್ಯಾಯಾಲಯದ ಕಡತಗಳಲ್ಲಿ ಪರಿಹಾರದ ಅಂಕಿಗಳ ನಡುವೆ ಹೂತುಹೋಗಬಾರದು. ಕೊಲ್ಲಂ, ಆಲಪ್ಪುಳದ ಮೀನುಗಾರರಿಗೆ ಅವು ಮಲಯಾಳದಲ್ಲೂ, ತಮ್ಮ ಕಡಲಲ್ಲಿ ಏಷಿಯನ್ ಫಾರೆಸ್ಟ್ ಮುಳುಗಿದ್ದನ್ನು ಕಂಡಿರುವ ಮಂಗಳೂರಿನವರಿಗೆ ಕನ್ನಡದಲ್ಲೂ ಓದಲು ದೊರೆಯಬೇಕು.