ಕೈಗೆ ತಿಳಿದದ್ದು ಪಾನಾಕ್ಕೆ ತಿಳಿಯದು

ಪರೀಕ್ಷೆ ಮುಗಿದ ರಜೆಯಲ್ಲಿ ಮನೆಯ ಹಳೆಯ ಸ್ಕೂಟರಿನ ಮೇಲೆ ಮಗನ ಕಣ್ಣು ಬೀಳುವುದು ಸಹಜ. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ಬಜಾಜ್ ಚೇತಕ್ ಇನ್ನೂ ಜಗಲಿಯ ಪಕ್ಕದಲ್ಲಿ ನಿಂತಿದೆ ಎಂದುಕೊಳ್ಳಿ. 1972ರಲ್ಲಿ ಮಾರುಕಟ್ಟೆಗೆ ಬಂದು, ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು, ಮಧ್ಯಮ ವರ್ಗದ ಎಷ್ಟೋ ಮನೆಗಳ ಸಂಸಾರವನ್ನೇ ಹೊತ್ತು ತಿರುಗಿದ ಗಾಡಿ ಅದು. ಆ ದಿನ ಒಂದು ಕಡೆ ವಾಲಿಸಿ ಹತ್ತು ಸಲ ಕಿಕ್ ಹೊಡೆದರೂ ಶುರುವಾಗಲಿಲ್ಲ. "ಪ್ಲಗ್ಗಿಗೆ ಮಸಿ ಹಿಡಿದಿರಬೇಕು ಕಣೋ" ಎಂದು ಅಪ್ಪ ಬಸ್ಸು ಹಿಡಿದು ಕಚೇರಿಗೆ ಹೋದರು.

ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಯುವುದರಿಂದ ಸ್ಪಾರ್ಕ್ ಪ್ಲಗ್ಗಿಗೆ ಬೇಗ ಮಸಿ ಕಟ್ಟುತ್ತದೆ. ಹುಡುಗ ಪ್ಲಗ್ಗನ್ನು ಬಿಚ್ಚಿ ಉಜ್ಜಿ ಸ್ವಚ್ಛ ಮಾಡಿದ. ತಪ್ಪಾದದ್ದು ಮರಳಿ ಕೂರಿಸುವಾಗ. ಎರಡನೆಯ ಸುತ್ತಿಗೇ ಪ್ಲಗ್ಗು ಬಿಗಿಯಾಯಿತು. "ತುಕ್ಕು ಇರಬೇಕು" ಎಂದುಕೊಂಡು ಪಾನಾ ಹಾಕಿ ಬಲವಾಗಿ ತಿರುಗಿಸಿದ. ಪ್ಲಗ್ಗು ಒಳಗೆ ಹೋಯಿತು, ಸ್ಕೂಟರೂ ಶುರುವಾಯಿತು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ 'ಬುಸ್' ಎಂಬ ಸದ್ದು, ಹಿಂದೆಯೇ 'ಟಪ್' ಎಂಬ ಸದ್ದು. ಪ್ಲಗ್ಗು ಕಿತ್ತು ಬಂದಿತ್ತು.

ಏಕೆ ಹೀಗಾಯಿತು? ಪ್ಲಗ್ಗಿನ ಮೈ ಉಕ್ಕಿನದು. ಅದು ಕೂರುವ ಎಂಜಿನ್ ಹೆಡ್ಡು ಅಲ್ಯೂಮಿನಿಯಮ್ಮಿನದು. ಗಟ್ಟಿ ಲೋಹ ಮೆತ್ತನೆಯ ಲೋಹದೊಳಗೆ ಓರೆಯಾಗಿ ಹೊಕ್ಕರೆ, ಇದ್ದ ಥ್ರೆಡ್ಡನ್ನು ಕತ್ತರಿಸಿಕೊಂಡು ತನ್ನದೇ ಸೊಟ್ಟ ದಾರಿ ಮಾಡಿಕೊಳ್ಳುತ್ತದೆ. ಪಾನಾದ ಉದ್ದನೆಯ ಹಿಡಿಕೆಯಲ್ಲಿ ಆ ತಡೆ ಕೈಗೆ ಗೊತ್ತೇ ಆಗುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ. ನಿಮಿಷಕ್ಕೆ 3000 ಸುತ್ತಿದ್ದರೆ ಸೆಕೆಂಡಿಗೆ 50 ಏಟು. ಅರೆಬರೆ ಕಚ್ಚಿಕೊಂಡ ಪ್ಲಗ್ಗು ಎಷ್ಟು ಹೊತ್ತು ತಡೆದೀತು? ಇಷ್ಟೇ ಅಲ್ಲ, ಪ್ಲಗ್ಗಿನ ಬಿಸಿ ಹೊರಗೆ ಹೋಗುವ ಮುಖ್ಯ ದಾರಿಯೇ ಆ ಥ್ರೆಡ್ಡು ಮತ್ತು ವಾಷರು. ಸರಿಯಾಗಿ ಕೂರದ ಪ್ಲಗ್ಗು ಅತಿಯಾಗಿ ಕಾದು ಎಂಜಿನ್ನಿಗೂ ಕೇಡು ತರುತ್ತದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಎಂಜಿನ್ ತಣ್ಣಗಾಗಿರಲಿ. ಪ್ಲಗ್ಗು ಬಿಚ್ಚುವ ಮೊದಲೇ ಸುತ್ತಲಿನ ಮಣ್ಣನ್ನು ಒರೆಸಿ. ಕೂರಿಸುವಾಗ ಪಾನಾವನ್ನು ದೂರವಿಟ್ಟು ಬೆರಳಿನಿಂದಲೇ ಶುರುಮಾಡಿ. ಮೊದಲು ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಒಂದು ಕಡೆ 'ಟಿಕ್' ಎಂದು ಪ್ಲಗ್ಗು ಕೊಂಚ ಕೆಳಗಿಳಿದಂತೆ ಬೆರಳಿಗೆ ತಿಳಿಯುತ್ತದೆ. ಥ್ರೆಡ್ಡಿನ ಬಾಯಿ ಅಲ್ಲೇ ಇದೆ. ಅಲ್ಲಿಂದ ಬಿಗಿಮಾಡುವ ದಿಕ್ಕಿಗೆ ತಿರುಗಿಸಿ. ಬೆರಳು ಹೋಗದ ಜಾಗವಾದರೆ ಪ್ಲಗ್ಗಿನ ತುದಿಗೆ ಪೆಟ್ರೋಲ್ ಪೈಪಿನ ರಬ್ಬರ್ ತುಂಡನ್ನು ಸಿಕ್ಕಿಸಿಕೊಳ್ಳಿ. ಪ್ಲಗ್ಗು ಓರೆಯಾದರೆ ರಬ್ಬರ್ ತಾನೇ ಜಾರುತ್ತದೆ, ಥ್ರೆಡ್ಡು ಉಳಿಯುತ್ತದೆ.

14 ಮಿ.ಮೀ. ಪ್ಲಗ್ಗು ಒಂದು ಸುತ್ತಿಗೆ 1.25 ಮಿ.ಮೀ. ಮಾತ್ರ ಒಳಗಿಳಿಯುತ್ತದೆ. ಆದ್ದರಿಂದ ಬರಿಗೈಯಲ್ಲೇ ಎಂಟು ಹತ್ತು ಸುತ್ತು ಸಲೀಸಾಗಿ ಹೋಗಬೇಕು. ಒಂದೆರಡು ಸುತ್ತಿಗೇ ನಿಂತರೆ ತಪ್ಪಿದೆ ಎಂದೇ ಅರ್ಥ. ಪಾನಾ ಬೇಕಾಗುವುದು ಕೊನೆಯಲ್ಲಿ ಮಾತ್ರ: ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು, ವಾಷರ್ ಆಗಲೇ ಒತ್ತಿಹೋಗಿರುವ ಹಳೆಯದಕ್ಕೆ ಅದಕ್ಕಿಂತ ತೀರಾ ಕಡಿಮೆ. ಹೊಸದನ್ನು ಕೊಳ್ಳುವಾಗ ಉದ್ದವನ್ನೂ ನೋಡಬೇಕು. ಇದೇ ದಪ್ಪದಲ್ಲಿ 12.7 ಮಿ.ಮೀ. ಮತ್ತು 19 ಮಿ.ಮೀ. ಉದ್ದದವು ಸಿಗುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ಹಾಕಿದರೆ ಪಿಸ್ಟನ್ನಿಗೆ ತಗಲಬಹುದು.

ಆಗಿಹೋದ ತಪ್ಪಿಗೆ ಪರಿಹಾರವೂ ಇದೆ. ಬಾಯಿಯ ಒಂದೆರಡು ಸುತ್ತು ಮಾತ್ರ ಕೆಟ್ಟಿದ್ದರೆ, ಗ್ಯಾರೇಜಿನವರು ಹೆಡ್ಡನ್ನು ಬಿಚ್ಚಿ, ಒಳಗಡೆಯಿಂದ, ಕೆಡದೆ ಉಳಿದ ಥ್ರೆಡ್ಡಿನ ದಾರಿಯಲ್ಲೇ ಟ್ಯಾಪ್ ಓಡಿಸಿ ಸರಿಮಾಡುತ್ತಾರೆ. ಪೂರಾ ಹೋಗಿದ್ದರೆ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಹೆಲಿಕಾಯಿಲ್ ಎಂಬ ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸುತ್ತಾರೆ. ಸರಿಯಾಗಿ ಕೂತರೆ ಅದು ಮೊದಲಿನ ಅಲ್ಯೂಮಿನಿಯಮ್ ಥ್ರೆಡ್ಡಿಗಿಂತ ಗಟ್ಟಿ. ಚೇತಕ್‌ನ ಹೆಡ್ಡು ನಾಲ್ಕೇ ನಟ್ಟುಗಳಲ್ಲಿ ಬಿಚ್ಚಿ ಬರುತ್ತದೆ. ಹಾಗೆ ಬಿಚ್ಚಿ ಮಾಡಿದರೆ ಲೋಹದ ಚೂರು ಸಿಲಿಂಡರಿನೊಳಗೆ ಬೀಳುವ ಭಯವಿಲ್ಲ. ಪ್ಲಗ್ಗಿಗೆ ಟೇಪು ಸುತ್ತಿ, ಅಂಟು ಹಚ್ಚಿ ಕೂರಿಸುವುದು ಮಾತ್ರ ಕೂಡದು. ಚಲಿಸುವ ಗಾಡಿಯಲ್ಲಿ ಅದು ಮತ್ತೆ ಹಾರಿದರೆ ಪಕ್ಕದಲ್ಲಿದ್ದವರಿಗೂ ಅಪಾಯ.

ಇಲ್ಲಿಗೆ ಎಂಜಿನ್ನಿನ ಮಾತು ಮುಗಿಯಿತು. ಉಳಿದದ್ದು ಮನೆಯ ಮಾತು. ಹುಡುಗ ಸ್ಕೂಟರನ್ನು ತಳ್ಳಿಕೊಂಡು ಬಂದು, ಪ್ಲಗ್ಗನ್ನು ಹಾಗೆಯೇ ಸಿಕ್ಕಿಸಿ ಸುಮ್ಮನೆ ಕೂತಿದ್ದರೆ? ಮರುದಿನ ಅಪ್ಪ ಅದೇ ಗಾಡಿ ಹತ್ತುತ್ತಿದ್ದರು. ಮಗ ಬಾಯಿ ಬಿಡುವನೋ ಇಲ್ಲವೋ ಎಂಬುದು ಹಿಂದಿನ ಸಲ ಲೋಟ ಒಡೆದಾಗ, ಅಂಕ ಕಡಿಮೆ ಬಂದಾಗ ಮನೆಯಲ್ಲಿ ಏನಾಯಿತು ಎಂಬುದರ ಮೇಲೆ ನಿಂತಿರುತ್ತದೆ. "ಏನು ಮಾಡಿದೆ ಹೇಳು" ಎಂದು ಕೇಳುವ ಅಪ್ಪನಿಗೆ "ಪ್ಲಗ್ಗು ಓರೆ ಕೂರಿಸಿಬಿಟ್ಟೆ ಅಪ್ಪಾ" ಎಂಬ ಉತ್ತರ ಸಿಗುತ್ತದೆ. "ಯಾರು ಮುಟ್ಟು ಅಂದರು ನಿನಗೆ" ಎಂದು ಗದರುವ ಅಪ್ಪನಿಗೆ ಮೌನ ಸಿಗುತ್ತದೆ.

2020ರಲ್ಲಿ ಅದೇ ಚೇತಕ್ ಹೆಸರಿನ ವಿದ್ಯುತ್ ಸ್ಕೂಟರ್ ಮಾರಾಟಕ್ಕೆ ಬಂತು. ಅದರಲ್ಲಿ ಪ್ಲಗ್ಗೇ ಇಲ್ಲ. ಆದರೆ ಕೈಗೆ ತಡೆ ಸಿಕ್ಕಾಗ ನಿಂತು, ಒಂದು ಸುತ್ತು ಹಿಂದಕ್ಕೆ ಹೋಗಿ, ಮತ್ತೆ ಶುರುಮಾಡುವ ಪಾಠ ಯಾವ ಗಾಡಿಗೂ ಸಲ್ಲುತ್ತದೆ. ಹಳೆಯ ಸ್ಕೂಟರನ್ನು ಮಾರುವ ಮೊದಲು ಮಕ್ಕಳ ಕೈಗೆ ಒಮ್ಮೆ ಪಾನಾ ಕೊಟ್ಟು ಪಕ್ಕದಲ್ಲಿ ಕೂತರೆ, ಗ್ಯಾರೇಜಿನ ಖರ್ಚು ಉಳಿಯುವುದಕ್ಕಿಂತ ಹೆಚ್ಚಿನದೇನೋ ಉಳಿದೀತು.